ಐವತ್ತೊಂಬತ್ತನೆಯ ಚುಕ್ಕೆ

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಕಂಡಾಗ, "ಮೈಕ್ರೋಸ್ಕೋಪ್ ನೋಡಿ ನೋಡಿ ಕಣ್ಣು ನೋಯ್ತಿರಲಿಲ್ವಾ?" ಎಂದು ಕೇಳುತ್ತಾರೆ. ಕಣ್ಣಲ್ಲ, ನನಗೆ ನೋಯುತ್ತಿದ್ದುದು ಬಲಗೈ ಹೆಬ್ಬೆರಳು. ಈಗಲೂ ಚಳಿಗಾಲದಲ್ಲಿ ಅದು ಸಣ್ಣಗೆ ಮಿಡಿಯುತ್ತದೆ. ಅದು ಮಿಡಿದಾಗಲೆಲ್ಲ ನನಗೆ ಶಿವಮೊಗ್ಗದ ಆ ಎರಡು ಕೋಣೆಯ ಹೆಂಚಿನ ಕಟ್ಟಡ, ಉತ್ತರದ ಕಿಟಕಿ, ಅದರ ಪಕ್ಕದ ಮೇಜು, ಮೇಜಿನ ಮೇಲೆ ಬೀಗ ಹಾಕಿದ ಸಾಗುವಾನಿ ಪೆಟ್ಟಿಗೆ ನೆನಪಾಗುತ್ತವೆ. ಆ ಪೆಟ್ಟಿಗೆಯೊಳಗಿದ್ದದ್ದು ನಮ್ಮ ಒಂದೇ ಒಂದು ಸೂಕ್ಷ್ಮದರ್ಶಕ.

ಐವತ್ತರ ದಶಕದ ಕೊನೆಯ ಮಾತು ಇದು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಇಂಗ್ಲಿಷ್ ಪದ್ಯ ಕಲಿಸಿದರು, ಕಸೂತಿ ಕಲಿಸಿದರು, ಬಾಗಿಲು ಸದ್ದಾಗದಂತೆ ಮುಚ್ಚುವುದನ್ನು ಕಲಿಸಿದರು. ವಿಜ್ಞಾನವೆಂದರೆ ತೋಟದಲ್ಲಿ ಎಲೆ ಆಯ್ದು ಪುಸ್ತಕದೊಳಗೆ ಒಣಗಿಸುವುದು, ಅಷ್ಟೆ. ಮದುವೆಯಾಗಿ ಭದ್ರಾವತಿಯ ಕಾಗದನಗರಕ್ಕೆ ಬಂದೆ. ನಮ್ಮವರಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಕ್ವಾರ್ಟರ್ಸಿನ ಹಿತ್ತಲಲ್ಲಿ ಅತ್ತೆ ಒಂದು ಹಿಡಿ ಎಳ್ಳು ಚೆಲ್ಲಿದ್ದರು. ಅದು ಹೂಬಿಟ್ಟಾಗ ಆ ಮಾಸಲು ಗುಲಾಬಿ ಬಣ್ಣ ನನಗೆ ಬಹಳ ಹಿಡಿಸಿ, ಮೇಜಿನ ಬಟ್ಟೆಯೊಂದರ ಅಂಚಿಗೆ ಎಳ್ಳಿನ ಹೂವನ್ನೇ ಹಾಕಿದೆ. ಮಹಿಳಾ ಸಮಾಜದ ಪ್ರದರ್ಶನದಲ್ಲಿ ಅದನ್ನು ಇಟ್ಟಿದ್ದೆ. ಹೆಂಡತಿಯ ಜೊತೆ ಬಂದಿದ್ದ ಒಬ್ಬರು ಕನ್ನಡಕ ಹಣೆಗೇರಿಸಿ, ಬಗ್ಗಿ, ಬಟ್ಟೆಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು.

"ಕೇಸರ ಎರಡು ಉದ್ದ, ಎರಡು ಗಿಡ್ಡ ಯಾಕೆ ಹಾಕಿದ್ದೀರಮ್ಮ?"

"ಹೂವಿನಲ್ಲಿ ಹಾಗೇ ಇತ್ತು ಸಾರ್."

"ಐದನೇದು?"

"ಐದನೆಯದು ಒಂದು ಕಡ್ಡಿ ಥರ ಇತ್ತು. ಅದಕ್ಕೆ ತಲೆ ಇರಲಿಲ್ಲ. ಅದಕ್ಕೇ ಬಿಟ್ಟೆ."

"ಬಿಡಬಾರದಿತ್ತು. ತಲೆ ಇಲ್ಲದ್ದನ್ನೂ ಹಾಕ್ಬೇಕು," ಎಂದು ನಕ್ಕರು.

ಅವರೇ ಶೇಷಗಿರಿರಾಯರು, ಶಿವಮೊಗ್ಗದ ಅಂಚಿನಲ್ಲಿದ್ದ ಸಣ್ಣದೊಂದು ಎಣ್ಣೆಕಾಳು ಸಂಶೋಧನಾ ತಾಕಿನ ಮುಖ್ಯಸ್ಥರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಬರೆಯುವ ಚಿತ್ರಕಾರರು ಅವರಿಗೆ ಬೇಕಾಗಿತ್ತು. ನಮ್ಮ ಅತ್ತೆ, "ಇಲ್ಲಿ ಕೂತು ಹೂ ಹಾಕೋದನ್ನ ಅಲ್ಲಿ ಕೂತು ಹಾಕ್ತೀಯ, ಹೋಗು ಮಾರಾಯ್ತಿ. ಸಾಯಂಕಾಲದ ಅಡಿಗೆ ನಾನು ನೋಡ್ಕೊಳ್ತೀನಿ," ಎಂದರು. ಹೀಗೆ ನಾನು ಬೆಳಗಿನ ಅಡಿಗೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಶಿವಮೊಗ್ಗದ ರೈಲು ಹತ್ತುವವಳಾದೆ.

ಆ ತಾಕಿನಲ್ಲಿ ನನಗೆ ಕೆಲಸ ಕಲಿಸಿದವಳು ಖಮರುನ್ನಿಸಾ. ನನಗಿಂತ ಚಿಕ್ಕವಳು, ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ್ದಳು. ಅವಳ ತಂದೆ ಸತ್ತಾರ್ ಸಾಹೇಬರು ಬಸ್ ನಿಲ್ದಾಣದ ಹಿಂದೆ ಲಾರಿ ರಿಪೇರಿ ಶೆಡ್ಡು ಇಟ್ಟಿದ್ದರು. ಮೊದಲ ದಿನ ಖಮರ್ ನನ್ನ ಕೈಗೆ ಕೊಟ್ಟದ್ದು ಕೆಂಪಗೆ ತುಕ್ಕು ಹಿಡಿದ ಒಂದು ಸೂಜಿ. ನಾನು ಮನೆ ನಡೆಸುವವಳಲ್ಲವೆ, ಅದನ್ನು ನೋಡಿದ್ದೇ ತಡ, "ಒಂದಿಷ್ಟು ಬೂದಿ ಇದ್ದರೆ ಉಜ್ಜಿ ಕೊಡ್ತೀನಿ," ಎಂದೆ.

"ಅಯ್ಯೋ ಬೇಡ ವಸಂತಕ್ಕ!" ಎಂದು ಅವಳು ಸೂಜಿಯನ್ನು ಕಿತ್ತುಕೊಂಡಳು. "ಆ ತುಕ್ಕೇ ನಮ್ಮ ಮಸಾಲೆ. ಅದಿಲ್ದಿದ್ರೆ ಬಣ್ಣ ಏರಲ್ಲ."

ಕೆಲಸ ಹೀಗೆ. ಮೊಳಕೆಯ ಬೇರಿನ ತುದಿಯನ್ನು, ಅಂದರೆ ಸಾಸಿವೆಗಿಂತ ಚಿಕ್ಕ ತುಣುಕನ್ನು, ಕತ್ತರಿಸಿ ಸ್ಪಿರಿಟ್ಟು ಮತ್ತು ಅಸಿಟಿಕ್ ಆಮ್ಲದಲ್ಲಿ ಅದ್ದಿಡಬೇಕು. ಆಮೇಲೆ ಗಾಜಿನ ಮೇಲೆ ಕಾರ್ಮೈನ್ ಎಂಬ ಕೆಂಪು ಬಣ್ಣದ ಒಂದು ಹನಿ. ಆ ಬಣ್ಣ ಕಳ್ಳಿಯ ಮೇಲೆ ಬದುಕುವ ಒಂದು ಹುಳುವಿನದು. ತುಕ್ಕಿನ ಸೂಜಿಯಿಂದ ತುಣುಕನ್ನು ಆ ಹನಿಯಲ್ಲಿ ಜಜ್ಜಿ, ಸ್ಪಿರಿಟ್ ದೀಪದ ಮೇಲೆ ಆಡಿಸಿ, ಬಿಸಿ ಹದವಾಗಿದೆಯೇ ಎಂದು ಅಂಗೈ ಹಿಂಬದಿಗೆ ತಾಗಿಸಿ ನೋಡಬೇಕು, ಮಗುವಿನ ಹಾಲಿನ ಬಿಸಿ ನೋಡುವಂತೆ. ಕೊನೆಗೆ ತೆಳುಗಾಜು ಮುಚ್ಚಿ, ಮೇಲೆ ಒತ್ತುಕಾಗದ ಇಟ್ಟು, ಹೆಬ್ಬೆರಳಿನಿಂದ ನೆಟ್ಟಗೆ ಅಮುಕಬೇಕು. ಬೆರಳು ಸ್ವಲ್ಪ ಜಾರಿತೋ, ಎಲ್ಲ ಕಲಸಿಹೋಯಿತು. ನನ್ನ ಹೆಬ್ಬೆರಳಿನ ಕತೆ ಇದೇ. ಒತ್ತುಕಾಗದಕ್ಕೆ ಮಾತ್ರ ನಮಗೆ ಬರವಿರಲಿಲ್ಲ, ನಮ್ಮವರು ಕಾರ್ಖಾನೆಯಲ್ಲಿ ಅಂಚು ಕತ್ತರಿಸಿದ ಚೂರುಗಳನ್ನು ಕೇಳಿ ತಂದುಕೊಡುತ್ತಿದ್ದರು. ಕೈಗೆ ಅಂಟಿದ ಹುಳಿವಾಸನೆ ಮಾತ್ರ ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಅತ್ತೆ ಮೂಸಿ, "ಇವತ್ತು ಯಾವ ಉಪ್ಪಿನಕಾಯಿ?" ಎನ್ನುತ್ತಿದ್ದರು.

ಮೊದಲ ಸಲ ಕಣ್ಣಿಟ್ಟು ನೋಡಿದಾಗ ನನಗೆ ಕಂಡದ್ದು ತಿಳಿಗುಲಾಬಿ ನೀರಿನಲ್ಲಿ ಚೆಲ್ಲಿದ ಕೆಂಪು ಚುಕ್ಕೆಗಳು, ಗಿಡ್ಡ ಕಡ್ಡಿಗಳು. ಅವೇ ವರ್ಣತಂತುಗಳು. ಗಿಡ ಹೇಗಿರಬೇಕು ಎನ್ನುವುದೆಲ್ಲ ಅವುಗಳಲ್ಲಿ ಅಡಗಿರುತ್ತದೆ ಎಂದು ಖಮರ್ ಹೇಳಿದಳು. ಒಂದೊಂದು ಜಾತಿಯ ಗಿಡಕ್ಕೂ ಅವುಗಳ ಸಂಖ್ಯೆ ನಿಗದಿಯಾದದ್ದು: ನಮ್ಮ ಊರೆಳ್ಳಿಗೆ ಇಪ್ಪತ್ತಾರು, ಕುಂಸಿಯ ಕಡೆ ಕಲ್ಲುನೆಲದಲ್ಲಿ ಹಬ್ಬಿ ಬೆಳೆಯುವ ಒಂದು ಕಾಡೆಳ್ಳಿಗೆ ಮೂವತ್ತೆರಡು. ಅವನ್ನು ಎಣಿಸುವುದು, ಬರೆಯುವುದು ನನ್ನ ಉದ್ಯೋಗ. ಎಣಿಸುವಾಗ ಗಾಜನ್ನು ಅಲುಗಿಸಬಾರದು, ಇದು ರಾಯರ ನಿಯಮ. ಅಲುಗಿಸಿದರೆ ಯಾವುದನ್ನು ಎಣಿಸಿದೆ, ಯಾವುದು ಬಿಟ್ಟಿತು ಎಂಬುದು ತಪ್ಪಿಹೋಗುತ್ತದೆ. ಬೇರಿನ ಒಂದು ಜೀವಕಣವನ್ನು ನೋಟದ ನಡುವಿಗೆ ತಂದು, ಕೈ ತೆಗೆದು, ಉಸಿರು ಬಿಗಿಹಿಡಿದು ಎಣಿಸಬೇಕು. ಸೂಕ್ಷ್ಮದರ್ಶಕಕ್ಕೆ ಸಿಕ್ಕಿಸುವ ಒಂದು ಕನ್ನಡಿ ಇತ್ತು, ಅದರಲ್ಲಿ ಕಣದ ನೆರಳು ಪಕ್ಕದ ಕಾಗದದ ಮೇಲೆ ಬಿದ್ದಂತೆ ಕಾಣುತ್ತಿತ್ತು. ಅದರ ಮೇಲೆ ಪೆನ್ಸಿಲ್ ಆಡಿಸಿದರಾಯಿತು. ನಾನು ಮೊದಲು ನೋಟದ ಪೂರ್ತಿ ವೃತ್ತವನ್ನು ಬರೆದುಕೊಂಡು ಆಮೇಲೆ ಒಳಗಿನದನ್ನು ತುಂಬುತ್ತಿದ್ದೆ. ಕಸೂತಿಗೆ ಮೊದಲು ಬಟ್ಟೆಯನ್ನು ಮರದ ಬಳೆಗೆ ಬಿಗಿಯುವ ಅಭ್ಯಾಸ ನನ್ನದು, ಬಳೆ ಇಲ್ಲದೆ ಕೈ ಓಡುತ್ತಿರಲಿಲ್ಲ. ಖಮರ್ ಅದನ್ನು ನೋಡಿ, "ವೃತ್ತ ಯಾಕಕ್ಕ, ಕಾಗದ ದಂಡ," ಎಂದು ಗೊಣಗುತ್ತಿದ್ದಳು.

ಈಗ ಖಮರಳ ಗಿಡದ ವಿಷಯಕ್ಕೆ ಬರುತ್ತೇನೆ.

ಊರೆಳ್ಳಿಗೆ ಒಂದು ಕೆಟ್ಟ ರೋಗ ಬರುತ್ತದೆ. ಹೂವಿನ ಜಾಗದಲ್ಲಿ ಹೂವಿಲ್ಲ, ಹಸಿರು ಎಲೆಗಳ ಗೊಂಚಲು. ಕಾಯೇ ಇಲ್ಲ. ಆ ಕಾಡೆಳ್ಳಿಗೆ ಈ ರೋಗ ಅಷ್ಟಾಗಿ ತಗಲುವುದಿಲ್ಲ. ಹಾಗಾಗಿ ಖಮರ್ ಎರಡನ್ನೂ ಕೂಡಿಸಲು ಹೊರಟಿದ್ದಳು. ಒಂದರ ಪರಾಗವನ್ನು ಇನ್ನೊಂದಕ್ಕೆ ಹಚ್ಚಿ ಹಚ್ಚಿ, ಎಷ್ಟೋ ಕಾಯಿ ಜೊಳ್ಳಾಗಿ, ಕೊನೆಗೆ ಒಂದೇ ಒಂದು ಮಿಶ್ರ ಗಿಡ ಉಳಿದಿತ್ತು. ಊರೆಳ್ಳಿನ ಅರ್ಧ ಹದಿಮೂರು, ಕಾಡೆಳ್ಳಿನ ಅರ್ಧ ಹದಿನಾರು, ಒಟ್ಟು ಇಪ್ಪತ್ತೊಂಬತ್ತು ವರ್ಣತಂತು. ಗಿಡ ಪೊದೆಯಾಗಿ ಬೆಳೆಯಿತು, ಮೈತುಂಬ ಹೂ. ಒಂದು ಬೀಜವಿಲ್ಲ.

"ಇಷ್ಟು ಹೂವಿದ್ದೂ ಯಾಕೆ ಹೀಗೆ?" ಎಂದು ನಾನು ಕೇಳಿದೆ.

"ಬೀಜ ಆಗೋಕೆ ಮೊದಲು ಇವೆಲ್ಲ ಜೋಡಿ ಜೋಡಿಯಾಗಿ ನಿಲ್ಬೇಕು ಅಕ್ಕ. ಇವಕ್ಕೆ ಜೋಡಿನೇ ಇಲ್ಲ."

ನನಗೆ ತಟ್ಟನೆ ಕಾನ್ವೆಂಟಿನ ಸಾಲು ನೆನಪಾಯಿತು. ಚರ್ಚಿಗೆ ಹೋಗುವಾಗ ಸಿಸ್ಟರ್ ನಮ್ಮನ್ನು ಇಬ್ಬಿಬ್ಬರಾಗಿ ಕೈ ಹಿಡಿಸಿ ನಡೆಸುತ್ತಿದ್ದರು. ಒಮ್ಮೆ ಬೇರೊಂದು ಶಾಲೆಯ ಹುಡುಗಿಯರನ್ನು ನಮ್ಮೊಂದಿಗೆ ಬೆರೆಸಿದರು. ನಾವು ಅವರ ಕೈ ಹಿಡಿಯಲಿಲ್ಲ, ಅವರು ನಮ್ಮ ಕೈ ಹಿಡಿಯಲಿಲ್ಲ, ಸಾಲು ಗೇಟಿನ ಹತ್ತಿರವೇ ಚೆದುರಿಹೋಯಿತು. ಇದನ್ನು ಹೇಳಿದಾಗ ಖಮರ್ ಚಪ್ಪಾಳೆ ತಟ್ಟಿದಳು. "ಅದೇ! ಈಗ ನೋಡಿ, ಆ ಒಬ್ಬೊಬ್ಬ ಹುಡುಗಿಗೂ ಅವಳ ಅವಳಿ ತಂಗಿ ಬಂದ್ಬಿಟ್ರೆ?"

"ತಂಗಿ ಕೈ ಹಿಡ್ಕೋತಾಳೆ. ಸಾಲು ಹೊರಡುತ್ತೆ."

"ನಾನೀಗ ತಂಗಿಯರನ್ನ ಕರೆಸ್ತಾ ಇದ್ದೀನಿ."

ತಂಗಿಯರನ್ನು ಕರೆಸುವ ಔಷಧದ ಹೆಸರು ಕೋಲ್ಚಿಸಿನ್. ವಿಷ. ನಮ್ಮ ಬೇಲಿಗಳ ಮೇಲೆ ಬೆಂಕಿಯಂತೆ ಅರಳುತ್ತದಲ್ಲ ಅಗ್ನಿಶಿಖೆ, ಅದರ ಗೆಡ್ಡೆಯಲ್ಲಿಯೂ ಇರುವಂಥದ್ದೇ. ಕಣವೊಂದು ಎರಡಾಗುವ ಮೊದಲು ಅದರ ವರ್ಣತಂತುಗಳೆಲ್ಲ ಇಮ್ಮಡಿಯಾಗುತ್ತವೆ, ಆಮೇಲೆ ನಡುವೆ ಗೋಡೆ ಏಳುತ್ತದೆ. ಈ ವಿಷ ತಗುಲಿದರೆ ಪಾಲು ಆಗುವುದೇ ಇಲ್ಲ. ಮನೆ ಹಿಸ್ಸೆಯಾಗಲೆಂದು ಪಾತ್ರೆಪಗಡೆಯನ್ನೆಲ್ಲ ಎರಡೆರಡು ಮಾಡಿ, ಕೊನೆಗೆ ಗೋಡೆ ಕಟ್ಟದೆ ಎಲ್ಲರೂ ಒಂದೇ ಮನೆಯಲ್ಲಿ ಉಳಿದ ಹಾಗೆ. ಖಮರ್ ಮಿಶ್ರ ಗಿಡದ ಎಳೆ ಕುಡಿಗಳಿಗೆ ಆ ನೀರಿನಲ್ಲಿ ಅದ್ದಿದ ಹತ್ತಿಯನ್ನು ಸುತ್ತಿದಳು. ಹಲವು ಕುಡಿಗಳು ಸುಟ್ಟುಹೋದವು. ಒಂದು ಮಾತ್ರ ಸ್ವಲ್ಪ ದಿನ ಮುರುಟಿಕೊಂಡಿದ್ದು, ಆಮೇಲೆ ದಪ್ಪನೆಯ ಎಲೆ ಬಿಡುತ್ತ ಕೊಂಬೆಯಾಯಿತು. ಅದರ ಹೂವು ಅಕ್ಕಪಕ್ಕದ ಕೊಂಬೆಗಳ ಹೂವಿಗಿಂತ ದೊಡ್ಡದು. ಬೆರಳಲ್ಲಿ ಮುಟ್ಟಿದರೇ ವ್ಯತ್ಯಾಸ ತಿಳಿಯುತ್ತಿತ್ತು, ಪಾಪ್ಲಿನ್ ಬಟ್ಟೆಗೂ ತೆಳು ಮಲ್ ಬಟ್ಟೆಗೂ ಇರುವಷ್ಟು.

ರಾಯರು ನೋಡಿ, "ಕಾಯಿ ಕಟ್ಟಿದರೂ ನಾನು ನಂಬಲ್ಲ. ಸುತ್ತ ಊರೆಳ್ಳು ಇದೆ, ಜೇನಿದೆ. ಯಾರ ಪರಾಗ ಅಂತ ಹೇಗೆ ಹೇಳ್ತೀಯ?" ಎಂದರು.

ಮಾರನೆಯ ದಿನ ಸತ್ತಾರ್ ಸಾಹೇಬರ ಲಾರಿಯೊಂದು ತಾಕಿನ ಗೇಟಿನಲ್ಲಿ ನಿಂತಿತು. ಅದರಿಂದ ಇಳಿದದ್ದು ಒಂದು ಪಂಜರ. ಆಳೆತ್ತರದ ಕಬ್ಬಿಣದ ಚೌಕಟ್ಟು, ಸುತ್ತ ಸಣ್ಣ ಕಣ್ಣಿನ ಜಾಲರಿ, ಒಂದು ಪಕ್ಕ ಲಾರಿಯದೇ ಕೀಲು, ಚಿಲಕ ಹಾಕಿದ ಬಾಗಿಲು.

"ಸಾಬ್, ಇದರೊಳಗೆ ಸೊಳ್ಳೆ ಹೋದ್ರೆ ನನ್ನ ಶೆಡ್ಡು ಮುಚ್ಚಿಬಿಡ್ತೀನಿ," ಎಂದರು ಸಾಹೇಬರು.

"ಜೇನಿಗೆ ಮಾಡಿದ್ದೀರೋ, ಹುಲಿಗೆ ಮಾಡಿದ್ದೀರೋ?" ಎಂದರು ರಾಯರು.

"ನಮ್ಮ ಬೇಟಿ ಗಿಡಕ್ಕೆ ಮಾಡಿದ್ದು. ಮೂರು ವರ್ಷದಿಂದ ನೋಡ್ತಿದ್ದೀನಿ ಸಾಬ್, ಊಟಕ್ಕೆ ಕೂತ್ರೂ ಅದೇ ಧ್ಯಾನ."

ಪಂಜರದೊಳಗೆ ಆ ಒಂದು ಕೊಂಬೆಯಲ್ಲಿ ಕಾಯಿ ಕಟ್ಟಿತು. ಒಡೆದಾಗ ಒಳಗೆ ಬೀಜ. ಕೆಲವೇ, ಆದರೆ ಗಟ್ಟಿ ಬೀಜ. ಉಳಿದ ಕೊಂಬೆಗಳಲ್ಲಿ ಎಂದಿನಂತೆ ಜೊಳ್ಳು. ಆ ದಿನ ಖಮರ್ ಡಬ್ಬಿಯ ಊಟವನ್ನು ಬಿಚ್ಚಲೇ ಇಲ್ಲ.

ಇನ್ನು ಉಳಿದಿದ್ದುದು ಎಣಿಕೆ. ಬೀಜ ಮೊಳೆಸಿ, ಬೇರು ನೋಡಿ, ಇಪ್ಪತ್ತೊಂಬತ್ತರ ಇಮ್ಮಡಿ ಐವತ್ತೆಂಟು ಬಂದರೆ ಇದು ಊರೆಳ್ಳೂ ಅಲ್ಲ, ಕಾಡೆಳ್ಳೂ ಅಲ್ಲ, ತನ್ನದೇ ಸಂಖ್ಯೆಯ ಬೇರೊಂದು ಗಿಡ. ಬರದಿದ್ದರೆ ಏನೂ ಅಲ್ಲ. ರಾಯರು ಸ್ಪಷ್ಟವಾಗಿ ಹೇಳಿದ್ದರು: ಆ ಗಿಡವಿದ್ದ ಮಡಿಯನ್ನು ಮುಂದಿನ ಬಿತ್ತನೆಗೆ ಕಡಲೆಕಾಯಿಗೆ ಬಿಟ್ಟುಕೊಡಬೇಕು, ಮೇಲಿನಿಂದ ಒತ್ತಾಯವಿದೆ. ಐವತ್ತೆಂಟನ್ನು ತೋರಿಸಿದರೆ ತಾವು ಮೇಲಿನವರೊಡನೆ ಜಗಳವಾಡಲು ಸಿದ್ಧ, ತೋರಿಸದಿದ್ದರೆ ಗಿಡ, ಸಸಿ ಎಲ್ಲವನ್ನೂ ಕಿತ್ತು ಉಳುವುದು.

ಮೊದಲ ಬೇರಿನಲ್ಲಿ ಐವತ್ತೊಂಬತ್ತು ಬಂತು.

ಖಮರ್ ಎಣಿಸಿದಳು. ನಾನು ಬರೆದೆ, ಬರೆದದ್ದನ್ನು ಎಣಿಸಿದೆ. ಐವತ್ತೊಂಬತ್ತು. ಬೇರೆ ಸಸಿ ತೆಗೆದುಕೊಂಡೆವು. ಮತ್ತೂ ಬೇರೆ. ಎಲ್ಲೆಲ್ಲಿ ಕಣ ಚೆನ್ನಾಗಿ ಹರಡಿ ಬಂದಿತ್ತೋ ಅಲ್ಲೆಲ್ಲ ಅದೇ ಸಂಖ್ಯೆ. ನಿಮಗೆ ಇಲ್ಲೊಂದು ಮಾತು ಹೇಳಬೇಕು. ಅಡ್ಡಾದಿಡ್ಡಿ ಸಂಖ್ಯೆ ಬಂದಿದ್ದರೆ ನಮ್ಮ ಕೈಯನ್ನು ನಾವು ಅನುಮಾನಿಸುತ್ತಿದ್ದೆವು. ತಪ್ಪು ಹೀಗೆ ಅಚ್ಚುಕಟ್ಟಾಗಿ, ಪ್ರತಿ ಸಲವೂ ಒಂದೇ ರೀತಿ ಬಂದರೆ ಅದು ಸತ್ಯದ ಹಾಗೇ ಕಾಣುತ್ತದೆ.

ರಾಯರು ನಶ್ಯದ ಡಬ್ಬಿಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳಿದರು. "ಖಮರ್, ಯಾವ ಸಂಖ್ಯೆನ ಎರಡರಿಂದ ಗುಣಿಸಿದರೆ ಬೆಸ ಬರುತ್ತೆ?"

ಅವಳು ಎಣಿಕೆಯ ಹಾಳೆಯನ್ನು ಮತ್ತೊಮ್ಮೆ ಅವರ ಮುಂದೆ ಸರಿಸಿದಳು.

"ಒಂದು ಸಸೀಲಿ ಒಂದು ಹೆಚ್ಚಾಯ್ತು ಅಂದ್ರೆ ಒಪ್ಪಿಕೊಳ್ತೀನಿ. ಹೊಸ ಗಿಡ, ಹಂಚಿಕೆ ತಪ್ಪಿರಬಹುದು. ಎಲ್ಲ ಸಸೀಲೂ ಒಂದೇ ಹೆಚ್ಚು? ಇದು ಇಮ್ಮಡಿ ಅಲ್ಲಮ್ಮ, ಇನ್ನೇನೋ. ಏನು ಅಂತ ನನಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಮಡಿ ಹಿಡಿದಿಟ್ಕೋ ಅಂದ್ರೆ ನಾನು ಏನು ಹೇಳಿ ಹಿಡೀಲಿ?"

ಅವರು ಕಟುವಾಗಿ ಹೇಳಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಖಮರ್ ಹೊರಗೆ ಹೋಗಿ ಪಂಜರದ ಜಾಲರಿಗೆ ಬೆರಳು ಸಿಕ್ಕಿಸಿಕೊಂಡು ನಿಂತಳು. ನಾನು ಹಿಂದೆ ಹೋದೆ.

"ಅಬ್ಬಾಗೆ ಏನು ಹೇಳಲಿ ಅಕ್ಕ? ಪಂಜರ ವಾಪಸ್ ತಗೊಂಡ್ಹೋಗಿ ಅಂತಾನಾ?"

"ಇನ್ನೂ ಉತ್ತಿಲ್ಲವಲ್ಲ. ಚಿತ್ರಗಳನ್ನೆಲ್ಲ ಒಂದು ಸಲ ನೋಡ್ತೀನಿ, ಇರು," ಎಂದೆ. ಸಮಾಧಾನಕ್ಕೆ ಹೇಳಿದ ಮಾತು, ಅಷ್ಟೇ. ನೋಡಿದರೆ ಏನಾದರೂ ಸಿಗುತ್ತದೆ ಎಂದು ನನಗೇನೂ ಅನ್ನಿಸಿರಲಿಲ್ಲ.

ಮಧ್ಯಾಹ್ನ ಕಿಟಕಿಯ ಪಕ್ಕ ಕೂತೆ. ಹೆಚ್ಚು ಸ್ಪಷ್ಟವಾದ ಚಿತ್ರವನ್ನು ಆರಿಸಿ ಶಾಯಿ ಹಾಕೋಣವೆಂದು ತೆಳು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಗಾಜಿಗೆ ಒತ್ತಿ ಹಿಡಿದೆ. ಕಸೂತಿಯ ನಮೂನೆಯನ್ನು ಬಟ್ಟೆಗೆ ಇಳಿಸುವಾಗ ನಾವು ಹೀಗೇ ಮಾಡುತ್ತಿದ್ದುದು. ವೃತ್ತಕ್ಕೆ ವೃತ್ತ ಕೂಡಿತು. ಒಳಗಿನ ಚುಕ್ಕೆಗಳು ಒಂದಕ್ಕೊಂದು ತಾಳೆಯಾಗದೆ ಮರಳು ಚೆಲ್ಲಿದಂತೆ ಕಂಡವು. ಅದು ಸರಿಯೇ, ಪ್ರತಿಯೊಂದೂ ಬೇರೆ ಕಣವಲ್ಲವೆ. ಆದರೆ ನಡುವಿನಿಂದ ತುಸು ಬಲಕ್ಕೆ, ತುಸು ಮೇಲೆ, ಒಂದು ಚುಕ್ಕೆ ಮಾತ್ರ ಹಾಳೆ ಸೇರಿಸಿದಂತೆಲ್ಲ ಕಪ್ಪಾಗುತ್ತ ಹೋಯಿತು. ಪ್ರತಿ ಹಾಳೆಯಲ್ಲಿಯೂ ಅದು ಅಲ್ಲಿಯೇ ಇತ್ತು.

ನಾನು ಹಾಳೆಗಳನ್ನು ಇಳಿಸಿ ಮತ್ತೆ ಕೂಡಿಸಿದೆ. ಅಲ್ಲೇ ಇತ್ತು.

"ಖಮರ್, ಇಲ್ಲಿ ಬಾ. ಈ ಹುಡುಗಿ ಯಾರ ಕೈನೂ ಹಿಡಿದಿಲ್ಲ ನೋಡು. ಎಲ್ಲ ಸಾಲಲ್ಲೂ ಒಂದೇ ಜಾಗದಲ್ಲಿ ನಿಂತಿದ್ದಾಳೆ."

ಅವಳು ನೋಡಿದಳು. ಮುಖದ ಬಣ್ಣ ಬದಲಾಯಿತು. ಓಡಿಹೋಗಿ ರಾಯರನ್ನು ಕರೆತಂದಳು. ರಾಯರು ಹಾಳೆಗಳನ್ನು ಗಾಜಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಣೆಯ ಮೇಲಿನ ಕನ್ನಡಕ ಕೆಳಗಿಳಿಯಿತು, ಮತ್ತೆ ಮೇಲೇರಿತು. "ಮಳೆಗಾಲದಲ್ಲಿ ಮಾಡಿದ ಊರೆಳ್ಳಿನ ಗಾಜು ಇದೆಯಾ? ಮೇಣ ಹಾಕಿ ಮುಚ್ಚಿದ್ದು?" ಎಂದರು.

ಇತ್ತು. ಅದನ್ನು ಮಾಡಿದವರೂ ನಾವೇ, ಅದರಲ್ಲಿ ಇಪ್ಪತ್ತಾರು ಎಣಿಸಿದವರೂ ನಾವೇ. ರಾಯರು ಅದನ್ನು ಸಿಕ್ಕಿಸಿ, ಕಣವನ್ನು ನಡುವಿಗೆ ತಂದು, "ಎಣಿಸು," ಎಂದು ಎದ್ದರು. ಖಮರ್ ಕಣ್ಣಿಟ್ಟಳು. ತುಟಿ ಅಲುಗುತ್ತಿತ್ತು. ತಲೆಯೆತ್ತಿದಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

"ಇಪ್ಪತ್ತೇಳು ಸರ್."

"ಅಂದ್ರೆ ನಮ್ಮಮ್ಮ ಸಂಕ್ರಾಂತಿಗೆ ಬೀರ್ತಿದ್ದ ಎಳ್ಳಿಗೂ ಒಂದು ಜಾಸ್ತಿ ಆಗಿದೆ ಅನ್ನು," ಎಂದರು ರಾಯರು. ತಾವೇ ಕೂತು, ಗಾಜನ್ನು ಎಣಿಸುವಾಗ ಅಲುಗಿಸಬಾರದೆಂಬ ತಮ್ಮದೇ ನಿಯಮವನ್ನು ಮುರಿದು, ಅದನ್ನು ಕೂದಲೆಳೆಯಷ್ಟು ಸರಿಸಿದರು. ಇಪ್ಪತ್ತಾರು ಚುಕ್ಕೆಗಳೂ ಸರಿದವು. ಒಂದು ಸರಿಯಲಿಲ್ಲ. ನೋಡುವ ಕೊಳವೆಯ ತುದಿಯ ಮಸೂರವನ್ನು ತಿರುಗಿಸಿದರು. ಆ ಚುಕ್ಕೆ ಉಳಿದವುಗಳ ನಡುವೆ ಪ್ರದಕ್ಷಿಣೆ ಹಾಕಿತು. ನಮಗಿಬ್ಬರಿಗೂ ತೋರಿಸಿದರು, ಮೂವರೂ ಸರದಿಯ ಮೇಲೆ ತಿರುಗಿಸಿ ನೋಡಿದೆವು. ಅಷ್ಟು ಹೊತ್ತಿನಲ್ಲಿ ಮಡಿ ಉಳಿಯಿತು ಎಂಬುದು ಕೂಡ ನಮಗೆ ಮರೆತುಹೋಗಿತ್ತೆಂದು ಕಾಣುತ್ತದೆ.

ಮಸೂರವನ್ನು ಬಿಚ್ಚಿದಾಗ ಒಳಗಿನ ಬಳೆಗೆ ಅಂಟಿಕೊಂಡಿದ್ದ ಹತ್ತಿಯ ಒಂದು ಎಳೆ ಸಿಕ್ಕಿತು. ಆ ಎಳೆಯನ್ನು ನಾವು ನೋಟದ ಅಂಚಿನಲ್ಲಿ ಗೆರೆಯಾಗಿ ಕಂಡಿದ್ದೆವು, ಹಳೆಯ ಗೀರು ಎಂದುಕೊಂಡು ಬಿಟ್ಟಿದ್ದೆವು. ಅದರ ತುದಿಗೆ ಅಂಟಿದ್ದುದು ಕೆಂಪು ಪುಡಿಯ ಒಂದು ಚೂರು.

ರಾಯರು ಅದನ್ನು ಬಿಳಿ ಕಾಗದದ ಮೇಲಿಟ್ಟು ಉಜ್ಜಿದರು. ಮೂಸಿದರು. "ಹನುಮಂತಪ್ಪಾ!"

ಹನುಮಂತಪ್ಪ ನಮ್ಮ ಅಟೆಂಡರು. ಆ ಕಟ್ಟಡವನ್ನು ತನ್ನ ಮನೆಗಿಂತ ಚೊಕ್ಕಟವಾಗಿ ಇಟ್ಟಿದ್ದವನು. ಬಂದು, ಕಾಗದದ ಮೇಲಿನ ಕೆಂಪು ಗೆರೆ ನೋಡಿ, ಅವನೇ ಕೇಳಿದ: "ಕುಂಕುಮ ಅಲ್ವಾ ಸಾರ್?"

"ನಾನೂ ಅದನ್ನೇ ಕೇಳ್ತಿದ್ದೀನಿ. ಇದರೊಳಗೆ ಹೇಗೆ ಬಂತು?"

"ಆಯುಧಪೂಜೆ ದಿನ ನೀವೇ ಹೇಳಿದ್ರಲ್ಲ ಸಾರ್, ಎಲ್ಲಾದಕ್ಕೂ ಪೂಜೆ ಆಗ್ಲಿ ಅಂತ. ಗುದ್ದಲಿಗೆ ಇಟ್ಟೆ, ತಕ್ಕಡಿಗೆ ಇಟ್ಟೆ. ಇದು ಎಲ್ಲಕ್ಕಿಂತ ದೊಡ್ಡ ಆಯುಧ. ಹೊರಗಿಂದ ಒಂದು ಬೊಟ್ಟು ಇಟ್ರೆ ಸಾಕಾ ಅನ್ನಿಸ್ತು. ಅದನ್ನ ಬಿಚ್ಚಿ, ಒಳಗೆಲ್ಲ ಹೊಸ ಪಂಚೇಲಿ ಒರೆಸಿ ಇಟ್ಟೆ."

"ಒಳಗೂ ಬೊಟ್ಟಿಟ್ಟೆಯೋ?"

"ಇಲ್ಲ ಸಾರ್, ಒಳಗೆ ಬರೀ ಒರೆಸಿದ್ದು. ಬೆರಳಲ್ಲಿ ಇತ್ತೇನೋ."

ಖಮರ್ ಬಾಯಿಗೆ ದುಪಟ್ಟಾ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಹನುಮಂತಪ್ಪನಿಗೆ ಅವಳು ಅಳುತ್ತಿದ್ದಾಳೆ ಅನ್ನಿಸಿ, "ಅಮ್ಮಾವ್ರೆ, ನಿಮ್ ಗಿಡಕ್ಕೇನಾದ್ರೂ ಆಯ್ತಾ?" ಎಂದು ಗಾಬರಿಯಾದ.

"ಏನೂ ಆಗಲಿಲ್ಲ ಹನುಮಂತಪ್ಪ. ಸರ್ಯಾಗಿ ಐವತ್ತೆಂಟಾಯ್ತು."

ರಾಯರು ಅವನನ್ನು ಬೈಯಲಿಲ್ಲ. "ಮುಂದಿನ ವರ್ಷದಿಂದ ಕುಂಕುಮ ಹೊರಗಿನ ಪೆಟ್ಟಿಗೆಗೆ ಮಾತ್ರ," ಎಂದರು. ನಾನು ನಿವೃತ್ತಳಾಗುವವರೆಗೂ ಅದು ಹಾಗೇ ನಡೆಯಿತು. ರಾಯರು ತಮ್ಮ ನಿಯಮವನ್ನೂ ತಿದ್ದಿದರು: ಎಣಿಸುವಾಗ ಅಲುಗಿಸಬೇಡಿ, ಎಣಿಸಿದ ಮೇಲೆ ಒಮ್ಮೆ ಅಲುಗಿಸಿ. ನನ್ನ ವೃತ್ತವನ್ನು ಆಮೇಲೆ ಯಾರೂ ಕಾಗದ ದಂಡ ಎನ್ನಲಿಲ್ಲ. ಖಮರ್ ಕೂಡ ಬರೆಯತೊಡಗಿದಳು, ಕೋಳಿಮೊಟ್ಟೆಯ ಹಾಗಿರುತ್ತಿದ್ದವು ಅವಳ ವೃತ್ತಗಳು.

ಮರುದಿನವೇ ರಾಯರು ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಮೇಲಿನವರನ್ನು ಕಾಣಲು ಹೋದರು. ಕಡಲೆಕಾಯಿಗೆ ಬೇರೆ ಮಡಿ ಸಿಕ್ಕಿತು.

ಸಸಿಗಳು ದೊಡ್ಡವಾಗಿ ಹೂಬಿಟ್ಟಾಗ ಇನ್ನೊಂದು ಪರೀಕ್ಷೆ ಇತ್ತು. ಅವುಗಳ ಹೂವಿಗೆ ಊರೆಳ್ಳಿನ ಪರಾಗ ಹಚ್ಚಿದೆವು. ಕಾಡೆಳ್ಳಿನದನ್ನೂ ಹಚ್ಚಿದೆವು. ಎರಡರಲ್ಲಿಯೂ ಕಾಯಿ ಒಡೆದರೆ ಬರೀ ಹೊಟ್ಟು. ತಮ್ಮ ತಮ್ಮಲ್ಲಿಯೇ ಕೂಡಿದ ಹೂವುಗಳಲ್ಲಿ ಮಾತ್ರ ಗಟ್ಟಿ ಬೀಜ. ರಾಯರು ಹೊಟ್ಟನ್ನು ಅಂಗೈಯಲ್ಲಿಟ್ಟು ಊದಿ, "ತಾಯಿ ಮನೆಗೂ ಸೇರಲ್ಲ, ತಂದೆ ಮನೆಗೂ ಸೇರಲ್ಲ. ಇದು ಬೇರೆ ಸಂಸಾರ ಹೂಡಿದೆ," ಎಂದರು. ಹೊಸ ಜಾತಿ ಎಂದರೆ ಇಷ್ಟೇ ಎಂದು ನನಗೆ ಆಗ ತಿಳಿಯಿತು. ಅದಕ್ಕೆ ಲಕ್ಷಾಂತರ ವರ್ಷ ಬೇಕು ಎಂದುಕೊಂಡಿದ್ದೆ, ಕೆಲವು ಸಲ ಬೇಕು ಕೂಡ. ಆದರೆ ಗಿಡಗಳಲ್ಲಿ ಒಂದು ಕುಡಿ ಒಂದು ಸಲ ಪಾಲು ಮಾಡಿಕೊಳ್ಳದೆ ಉಳಿದರೂ ಸಾಕಾಗಬಹುದು. ನಾವು ವಿಷ ಹಾಕಿ ಮಾಡಿಸಿದ್ದನ್ನು ಹೊಲಗಳ ಅಂಚಿನಲ್ಲಿ, ಯಾರೂ ನೋಡದಾಗ, ಗಿಡಗಳು ತಾವಾಗಿಯೇ ಮಾಡಿಕೊಂಡಿವೆ. ನಾವು ತಿನ್ನುವ ಗೋಧಿ, ಉಡುವ ಹತ್ತಿ, ಹಿರಿಯರು ಜಗಿಯುವ ಹೊಗೆಸೊಪ್ಪು, ಎಲ್ಲ ಹೀಗೆ ಎರಡು ಮನೆ ಬಿಟ್ಟು ಮೂರನೆಯ ಮನೆ ಹೂಡಿದವೇ. ಇದನ್ನು ಕೇಳಿದ ದಿನ ರೈಲಿನಲ್ಲಿ ಭದ್ರಾವತಿಯವರೆಗೂ ನಾನು ಹಳಿಯ ಪಕ್ಕದ ಕಳೆಗಳನ್ನೇ ನೋಡುತ್ತ ಬಂದೆ. ಯಾವುದರೊಳಗೆ ಎಷ್ಟಿವೆಯೋ!

ಆ ಎಳ್ಳಿನಿಂದ ರೈತರಿಗೆ ಏನು ಸಿಕ್ಕಿತು ಎಂದು ನೀವು ಕೇಳಬಹುದು. ಹೆಚ್ಚೇನೂ ಇಲ್ಲ. ರೋಗ ಕಡಿಮೆ, ನಿಜ. ಕಾಯಿಯೂ ಕಡಿಮೆ, ಇದ್ದ ಕಾಯಿ ಒಣಗುವ ಮೊದಲೇ ಸಿಡಿದು ಬೀಜ ನೆಲಕ್ಕೆ. ಆಮೇಲಿನ ವರ್ಷಗಳಲ್ಲಿ ಕನ್ನಡಿ ಹೋಗಿ ಕ್ಯಾಮೆರಾ ಬಂತು, ಕ್ಯಾಮೆರಾ ಬಂದ ಮೇಲೆ ಪೆನ್ಸಿಲ್ಲಿನ ಕೆಲಸ ಅರ್ಧವಾಯಿತು. ಖಮರ್ ಡಾಕ್ಟರ್ ಖಮರುನ್ನಿಸಾ ಆಗಿ ಬೇರೆ ಊರಿನ ಕಾಲೇಜಿಗೆ ಹೋದಳು, ಹೋಗುವಾಗ ಆ ತುಕ್ಕು ಸೂಜಿಯನ್ನು ಕೇಳಿ ತೆಗೆದುಕೊಂಡಳು. ಇವೆಲ್ಲ ಆಮೇಲಿನವು. ನನಗೆ ನೆನಪಿನಲ್ಲಿ ನಿಂತಿರುವುದು ಸತ್ತಾರ್ ಸಾಹೇಬರು ಮಗಳ ಗಿಡಗಳನ್ನು ನೋಡಲು ಬಂದ ಬೆಳಗು.

ಹೊಸ ಸಸಿಗಳು ಎದೆಮಟ್ಟ ಬೆಳೆದು ಪಂಜರದ ಜಾಲರಿಯನ್ನು ಒಳಗಿನಿಂದ ಒತ್ತುತ್ತಿದ್ದವು. ಮಡಿಯ ತಲೆಗೆ ನೆಟ್ಟ ಹಲಗೆಯ ಮೇಲೆ ಹೆಸರು ಬರೆಯಬೇಕಾದ ಜಾಗದಲ್ಲಿ, ಹೆಸರಿಲ್ಲದ್ದರಿಂದ, ಖಮರ್ "೫೮" ಎಂದಷ್ಟೇ ಬರೆದಿದ್ದಳು.

"ಇದು ಯಾವೂರಿನ ಎಳ್ಳು ಬೇಟಿ?"

"ಇಲ್ಲಿಯದೇ ಅಬ್ಬಾ. ನಿಮ್ಮ ಪಂಜರದಲ್ಲೇ ಹುಟ್ಟಿದ್ದು."

ಸಾಹೇಬರು ತಾವು ಹಾಕಿದ ಬೆಸುಗೆಯನ್ನು ಹೆಬ್ಬೆರಳಲ್ಲಿ ಸವರಿದರು. "ಈಗ ಪಕ್ಕದ ಮಡಿಯ ಪರಾಗ ಬಂದ್ರೆ ಕೆಡುತ್ತಾ ಇದು?"

"ಇಲ್ಲ. ಬಂದ್ರೂ ಜೊಳ್ಳಾಗುತ್ತೆ ಅಷ್ಟೇ. ಇದರ ಬೀಜ ಇದರದ್ದೇ."

"ಮತ್ತೆ ಪಂಜರ ಯಾಕೆ?"

ಖಮರ್ ರಾಯರ ಕಡೆ ನೋಡಿದಳು. ರಾಯರು ನಶ್ಯದ ಡಬ್ಬಿಯನ್ನು ಜೇಬಿಗೆ ಹಾಕಿ, ಅಂಗಿಯ ತೋಳು ಮಡಚಿ, ಒಂದು ಮೂಲೆ ಹಿಡಿದರು. ಹನುಮಂತಪ್ಪ ಒಂದು ಮೂಲೆ, ಸಾಹೇಬರು ಒಂದು, ಖಮರ್ ಮತ್ತು ನಾನು ಸೇರಿ ಒಂದು. ಎತ್ತಿ ಪಕ್ಕಕ್ಕಿಟ್ಟೆವು. ಜಾಲರಿಗೆ ಒರಗಿದ್ದ ಗಿಡಗಳು ಒಮ್ಮೆಲೇ ಹೊರಕ್ಕೆ ಬಾಗಿ, ಮೆಲ್ಲಗೆ ನೇರವಾದವು.

ಸ್ವಲ್ಪ ಹೊತ್ತಿಗೆ ಊರೆಳ್ಳಿನ ಮಡಿಯಿಂದ ಒಂದು ಜೇನು ಬಂದು, ಮೈಗೆಲ್ಲ ಅಲ್ಲಿಯ ಪರಾಗ ಹತ್ತಿಸಿಕೊಂಡೇ ಬಂದು, ಮೇಲಿನ ಹೂವೊಂದರ ಒಳಗೆ ತೂರಿತು. ಖಮರಳ ಕೈ ಅಭ್ಯಾಸದಂತೆ ಓಡಿಸಲು ಎದ್ದಿತು. ಎದ್ದದ್ದು ಹಾಗೇ ನಿಂತಿತು. ಅವಳು ಅದನ್ನು ಓಡಿಸಲಿಲ್ಲ.